ಹಿಮ್ಮಡಿಯ ಹಿಕಮತ್ತು

ಕಾಲುಚೀಲಕ್ಕೆ ಮೊದಲು ತೂತು ಬೀಳುವುದು ಎಲ್ಲಿ? ಬೂಟು ಹಾಕುವವರಿಗೆಲ್ಲ ಗೊತ್ತು: ಒಂದೋ ಹೆಬ್ಬೆರಳಿನ ತುದಿಯಲ್ಲಿ, ಇಲ್ಲವೇ ಹಿಮ್ಮಡಿಯಲ್ಲಿ. ಹೆಬ್ಬೆರಳಿನ ತೂತಿಗೆ ಉಗುರು ಕಾರಣ, ಅದನ್ನು ಕತ್ತರಿಸಿಕೊಂಡರಾಯಿತು. ಹಿಮ್ಮಡಿಯ ತೂತು ಹಾಗಲ್ಲ, ಅದು ಕಾಲುಚೀಲದ ಹಣೆಬರಹದಲ್ಲೇ ಬರೆದದ್ದು. ಮೈಭಾರವನ್ನೆಲ್ಲ ಹೊತ್ತು, ಹೆಜ್ಜೆ ಹೆಜ್ಜೆಗೂ ಬೂಟಿನ ಗೋಡೆಗೆ ಉಜ್ಜಿಕೊಂಡು ಸವೆಯುವ ಜಾಗ ಅದು. ಬೇರೆಯವರ ಮನೆ ಬಾಗಿಲಲ್ಲಿ ಬೂಟು ಕಳಚುವಾಗ ಮಾನ ಕಳೆಯುವುದೂ ಅದೇ!

ಆದರೆ ಕಾಲುಚೀಲವನ್ನು ಕೈಯಿಂದ ಹೆಣೆಯುವವರನ್ನು ಕೇಳಿ ನೋಡಿ. ಅವರ ಪಾಲಿಗೆ ಹಿಮ್ಮಡಿಯೆಂದರೆ ಇಡೀ ಕೆಲಸದ ಜೀವಾಳ. ಉಳಿದದ್ದೆಲ್ಲ ಬರೀ ಕೊಳವೆ. ಕೊಳವೆಯನ್ನು ಯಾರು ಬೇಕಾದರೂ ಹೆಣೆದಾರು. ನೆಟ್ಟಗೆ ಕೆಳಗಿಳಿಯುತ್ತಿರುವ ಕೊಳವೆ ಒಂದು ಹಂತದಲ್ಲಿ ಮೂಲೆ ತಿರುಗಿ ಮುಂದಕ್ಕೆ ಹೋಗಬೇಕು. ತಿರುಗುವ ಜಾಗದಲ್ಲಿ ಬಟ್ಟಲಿನಂಥ ಗುಳಿ ಏಳಬೇಕು. ಎಲ್ಲಿಯೂ ಹೊಲಿಗೆಯ ಏಣು ಇರಬಾರದು, ಕತ್ತರಿ ಆಡಿಸಬಾರದು. ಒಂದೇ ಒಂದು ಎಳೆ ನೂಲಿನಲ್ಲಿ ಇದನ್ನು ಸಾಧಿಸುವುದು ಹೇಗೆ? ಈ ಲೆಕ್ಕವನ್ನು ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಬಿಡಿಸಿದ್ದಾನೆ. ಬಿಡಿಸಿದವರು ಯಾರೆಂದು ಯಾವ ಗ್ರಂಥವೂ ಹೇಳುವುದಿಲ್ಲ.

ಮಗ್ಗದ ಬಟ್ಟೆಯನ್ನೇ ಉಟ್ಟು ಬೆಳೆದ ನಾಡಿಗೆ ಹೆಣಿಗೆಯ ಸ್ವಭಾವ ತುಸು ಅಪರಿಚಿತ. ನೇಯ್ಗೆಯಲ್ಲಿ ಹಾಸು ಒಂದು ದಿಕ್ಕು, ಹೊಕ್ಕು ಇನ್ನೊಂದು ದಿಕ್ಕು; ಎರಡೂ ನೆಟ್ಟಗೆ, ಬಿಗಿಯಾಗಿ ನಿಲ್ಲುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯೊಳಗಿಂದ ಕುಣಿಕೆ ಎಳೆದುಕೊಳ್ಳುತ್ತ ಹಾವಿನಂತೆ ಸಾಗುತ್ತದೆ. ಎಳೆದರೆ ಕುಣಿಕೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮೀನಖಂಡದ ದಪ್ಪಕ್ಕೂ ಹರಡಿನ ಸಣ್ಣತನಕ್ಕೂ ಒಂದೇ ಚೀಲ ಹೊಂದಿಕೊಳ್ಳುವುದು ಈ ಗುಣದಿಂದ. ಯೂರೋಪಿನಲ್ಲಿ ಹೆಣಿಗೆ ಬಳಕೆಗೆ ಬರುವ ಮುನ್ನ ನೇಯ್ದ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಕಾಲುಡುಗೆ ಹೊಲಿಯುತ್ತಿದ್ದರು. ರಾಜರ ಕಾಲಿನಲ್ಲೂ ಅದು ಸುಕ್ಕುಸುಕ್ಕಾಗಿ ಜೋತು ಬೀಳುತ್ತಿತ್ತು.

ಅಂದ ಹಾಗೆ, ನಮ್ಮ ಪೇಟೆಗಳಲ್ಲಿ ‘ಹೊಸೈರಿ’ ಎಂದು ಬೋರ್ಡು ಹಾಕಿದ ಅಂಗಡಿಗೆ ಹೋದರೆ ಮೊದಲು ಸಿಗುವುದು ಬನಿಯನ್ನು. ಆದರೆ ಆ ಮಾತು ಹುಟ್ಟಿದ್ದು ಕಾಲಿನಿಂದ. ಇಂಗ್ಲಿಷಿನ ‘ಹೋಸ್’ ಎಂದರೆ ಕಾಲಿಗೆ ತೊಡುವ ಉಡುಗೆ. ಕಾಲಿನಿಂದ ಹೊರಟ ಮಾತು ಸಮುದ್ರ ದಾಟಿ ಬರುವಷ್ಟರಲ್ಲಿ ಎದೆಗೇರಿಬಿಟ್ಟಿದೆ!

ಐದು ಕಡ್ಡಿ, 64 ಕುಣಿಕೆ

ಬೇಕಾದ ಸಾಮಾನು ಅಂಗೈಯಲ್ಲಿ ಹಿಡಿಯುವಷ್ಟು. ಸುಮಾರು 100 ಗ್ರಾಂ ತೂಗುವ ತೆಳು ಉಲ್ಲನ್ ನೂಲಿನ ಉಂಡೆ; ಎಳೆದು ಹಾಸಿದರೆ 400 ಮೀಟರಿನ ಆಸುಪಾಸು ಉದ್ದವಾದೀತು. ಎರಡೂ ತುದಿ ಚೂಪಾಗಿರುವ, ಎರಡೂವರೆ ಮಿಲಿಮೀಟರಿಗಿಂತ ದಪ್ಪವಿಲ್ಲದ ಐದು ಕಡ್ಡಿ. ನಾಲ್ಕು ಕಡ್ಡಿಗಳ ಮೇಲೆ ಹದಿನಾರು ಹದಿನಾರರಂತೆ 64 ಕುಣಿಕೆ ಹಾಕಿ ಚೌಕಟ್ಟು ಮಾಡಿಕೊಂಡು, ಐದನೆಯ ಕಡ್ಡಿಯಿಂದ ಸುತ್ತ ಹೆಣೆಯುತ್ತ ಹೋಗುವುದು ವಾಡಿಕೆ. ಇಂಚಿಗೆ ಎಂಟು ಕುಣಿಕೆ ಬರುವಂತೆ ಕೈ ಬಿಗಿಯಿದ್ದರೆ ಎಂಟು ಇಂಚು ಸುತ್ತಳತೆಯ ಚೀಲವಾಗುತ್ತದೆ. ಒಂಬತ್ತು ಇಂಚಿನ ಪಾದಕ್ಕೆ ಅದು ಸರಿ, ಏಕೆಂದರೆ ಕಾಲುಚೀಲ ಕಾಲಿಗಿಂತ ಒಂದಿಷ್ಟು ಚಿಕ್ಕದಿದ್ದರೇ ಜಾರದೆ ನಿಲ್ಲುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಿರುಗುಮುರುಗು. ಕಾಲು ಇದ್ದಷ್ಟೇ ಚೀಲ!

ಇರುವ ಹೊಲಿಗೆಗಳೂ ಎರಡೇ. ‘ನಿಟ್’ ಮತ್ತು ‘ಪರ್ಲ್’. ಕೆಲವರ ಬಾಯಲ್ಲಿ ‘ಸೀದಾ’, ‘ಉಲ್ಟಾ’. ಮೇಲಿನ ಪಟ್ಟಿಯಲ್ಲಿ ಎರಡು ಸೀದಾ ಎರಡು ಉಲ್ಟಾ ಹಾಕಿದರೆ ಅದು ರಬ್ಬರಿನಂತೆ ಹಿಗ್ಗಿ ಕಾಲನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಸುತ್ತಿನ ಮೇಲೆ ಸುತ್ತು. ಬಸ್ಸಿನಲ್ಲಿ ಕೂತೋ, ಹರಟೆ ಹೊಡೆಯುತ್ತಲೋ ಮಾಡಿ ಮುಗಿಸಬಹುದಾದ ಕೆಲಸ.

ಹಿಮ್ಮಡಿ ಬಂತು ಎಂದಾಗ ಮಾತು ನಿಲ್ಲುತ್ತದೆ. 64ರಲ್ಲಿ ಮುಂಭಾಗದ 32 ಕುಣಿಕೆಗಳನ್ನು ಹಾಗೇ ಕಾಯಲು ಬಿಟ್ಟು, ಹಿಂಭಾಗದ 32ರ ಮೇಲೆ ಮಾತ್ರ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೆಣೆದು ಒಂದು ಚೌಕದ ಪಟ್ಟಿ ಇಳಿಸುತ್ತಾರೆ. ಇಲ್ಲಿ ಒಂದು ಜಾಣತನವಿದೆ. ಸಾಲು ಬಿಟ್ಟು ಸಾಲಿನಲ್ಲಿ, ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ಸುಮ್ಮನೆ ದಾಟಿಸುತ್ತಾರೆ. ಆಗ ನೂಲು ಹಿಂಬದಿಯಲ್ಲಿ ಅಡ್ಡಹಾಯ್ದು ಬಟ್ಟೆ ದಪ್ಪವಾಗುತ್ತದೆ. ಸವೆಯುವ ಜಾಗಕ್ಕೆ ಮೊದಲೇ ತೊಡಿಸಿದ ಕವಚ ಇದು.

ಪಟ್ಟಿ 32 ಸಾಲು ಮುಗಿದ ಮೇಲೆ ತಿರುವು. 18 ಕುಣಿಕೆ ಹೆಣೆದು, ಎರಡನ್ನು ಒಂದಾಗಿಸಿ, ಇನ್ನೊಂದನ್ನು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂದಕ್ಕೆ ತಿರುಗಿಬಿಡುವುದು! ಹೊಸಬರು ಎದೆಗೆಡುವುದು ಇಲ್ಲೇ. ಇನ್ನೂ 11 ಕುಣಿಕೆಗಳು ಕಡ್ಡಿಯ ಮೇಲೆ ಉಳಿದಿರುವಾಗ ಅರ್ಧದಾರಿಯಲ್ಲಿ ಹಿಂತಿರುಗುವುದೆಂದರೇನು? ವಾಪಸು ಬರುವಾಗ ಮೊದಲ ಕುಣಿಕೆ ದಾಟಿಸಿ, ಐದನ್ನು ಉಲ್ಟಾ ಹೆಣೆದು, ಎರಡನ್ನು ಒಂದಾಗಿಸಿ, ಒಂದನ್ನು ಹೆಣೆದು ಮತ್ತೆ ತಿರುಗುವುದು. ಮುಂದಿನ ಸಾಲಿನಲ್ಲಿ ಐದರ ಬದಲು ಆರು, ಅದರ ಮುಂದೆ ಏಳು. ಹೀಗೆ ನಡುವಿನಿಂದ ಹೊರಗೆ ಇಷ್ಟಿಷ್ಟೇ ಅಗಲಿಸುತ್ತ, ಉಳಿದ ಕುಣಿಕೆಗಳನ್ನು ಎರಡೂ ಬದಿಯಿಂದ ಒಂದೊಂದಾಗಿ ನುಂಗುತ್ತ ಹೋದರೆ 32 ಹೋಗಿ 18 ಉಳಿಯುತ್ತವೆ. ಕೈಯಲ್ಲಿದ್ದ ಚಪ್ಪಟೆ ಪಟ್ಟಿ ಅಷ್ಟರಲ್ಲಿ ಬಟ್ಟಲಾಗಿರುತ್ತದೆ!

ಗುಟ್ಟು ಇಷ್ಟೇ: ನಡುವಿನಲ್ಲಿ ಸಾಲುಗಳು ಹೆಚ್ಚು, ಅಂಚಿನಲ್ಲಿ ಕಡಿಮೆ. ಹೆಚ್ಚಾದ ಬಟ್ಟೆ ಎಲ್ಲಿಗೆ ಹೋಗಬೇಕು? ಉಬ್ಬಲೇಬೇಕು. ಮುತ್ತುಗದೆಲೆಯಿಂದ ದೊನ್ನೆ ಮಾಡುವವರು ಚಪ್ಪಟೆ ಎಲೆಯನ್ನು ಮಡಿಸಿ, ಕಡ್ಡಿ ಚುಚ್ಚಿ ಗುಳಿ ತರಿಸುತ್ತಾರೆ. ಇಲ್ಲಿ ಮಡಿಕೆಯೂ ಇಲ್ಲ, ಚುಚ್ಚುವ ಕಡ್ಡಿಯೂ ಇಲ್ಲ. ದೊನ್ನೆ ದೊನ್ನೆಯಾಗಿಯೇ ಬೆಳೆಯುತ್ತದೆ.

ಆಮೇಲಿನದು ಇಳಿಜಾರು. ಪಟ್ಟಿಯ ಎರಡು ಅಂಚಿನಿಂದ ಹದಿನಾರು ಹದಿನಾರು ಹೊಸ ಕುಣಿಕೆ ಎತ್ತಿಕೊಂಡು, ಕಾಯುತ್ತಿದ್ದ 32ನ್ನೂ ಸೇರಿಸಿಕೊಂಡರೆ 82. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡು ಕಳೆಯುತ್ತ ಮತ್ತೆ 64ಕ್ಕೆ ಬಂದರೆ ಪಾದದ ಕೊಳವೆ ಸಿದ್ಧ. ಬೆರಳಿನ ಬುಡದವರೆಗೆ ಹೆಣೆದು, ಎರಡು ಬದಿಯಿಂದ ಕಿರಿದುಗೊಳಿಸಿ, ಉಳಿದ ಎಂಟು ಮತ್ತು ಎಂಟನ್ನು ಜೋಡಿಸಿದರೆ ಒಂದು ಕಾಲು ಮುಗಿಯಿತು.

ದೊಡ್ಡವರ ಒಂದು ಜೊತೆಗೆ ಕುಣಿಕೆಗಳನ್ನು ಲೆಕ್ಕ ಹಾಕಿದರೆ 22–23 ಸಾವಿರವಾಗುತ್ತವೆ. ನಿಮಿಷಕ್ಕೆ ಮೂವತ್ತರಂತೆ ಕೈ ಓಡಿದರೂ ಹನ್ನೆರಡು ಗಂಟೆಗೆ ಕಡಿಮೆಯಿಲ್ಲ.

ಮರಳಿನಲ್ಲಿ ಸಿಕ್ಕಿದ ಚೀಲ

ಕಾಲುಚೀಲ ಚಳಿ ದೇಶದ ವಸ್ತು ಎಂಬುದು ಸಾಮಾನ್ಯ ನಂಬಿಕೆ. ಆದರೆ ಅತಿ ಹಳೆಯ ಸಾಕ್ಷ್ಯಗಳು ಸಿಕ್ಕಿರುವುದು ಈಜಿಪ್ಟಿನ ಒಣ ಮರಳಿನಲ್ಲಿ. ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದಲ್ಲಿ ದೊರೆತ, ಸುಮಾರು 1600 ವರ್ಷ ಹಳೆಯ ಒಂದು ಜೊತೆ ಕೆಂಪು ಉಣ್ಣೆಯ ಚೀಲಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಚಪ್ಪಲಿಯ ಉಂಗುಷ್ಠದ ಪಟ್ಟಿ ಹೋಗಲೆಂದು ಹೆಬ್ಬೆರಳಿಗೆ ಬೇರೆ ಮನೆ ಮಾಡಿದ್ದಾರೆ. ಹಿಮ್ಮಡಿಯ ತಿರುವೂ ಇದೆ. ಇವು ಕಡ್ಡಿಗಳ ಹೆಣಿಗೆಯಲ್ಲ, ಒಂದೇ ಸೂಜಿಯಿಂದ ಕುಣಿಕೆ ಹಾಕಿದ ಅದಕ್ಕೂ ಹಳೆಯ ಕಸುಬು.

ಈಗ ನಾವು ಕಾಣುವ ಬಗೆಯ ಹೆಣಿಗೆಯ ಅತಿ ಹಳೆಯ ತುಣುಕುಗಳೂ ಈಜಿಪ್ಟಿನವೇ. ನೀಲಿ ಮತ್ತು ಬಿಳಿ ಹತ್ತಿ ನೂಲಿನ, ಚಿತ್ತಾರ ತುಂಬಿದ ಕಾಲುಚೀಲಗಳು ಅವು. ಕಾಲ ಸುಮಾರು 11ರಿಂದ 14ನೇ ಶತಮಾನ. ಅವುಗಳಲ್ಲಿ ಕೆಲವನ್ನು ಬೆರಳಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೆಣೆದು, ಹಿಮ್ಮಡಿಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಕೂಡಿಸಿದ್ದಾರೆ. ಸವೆದರೆ ಅಷ್ಟನ್ನೇ ಬಿಚ್ಚಿ ಹೊಸದು ಹಾಕಿಕೊಳ್ಳಬಹುದು! 20ನೇ ಶತಮಾನದಲ್ಲಿ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಅಮೆರಿಕದ ಹೆಣಿಗೆ ಲೇಖಕಿ ಇಂಥದೇ ಉಪಾಯವನ್ನು ಜನಪ್ರಿಯಗೊಳಿಸಿದರು. ಕಾಲುಚೀಲದ ಮಧ್ಯೆ ಒಂದು ಎಳೆ ಕತ್ತರಿಸಿ ಅಲ್ಲಿ ಹಿಮ್ಮಡಿ ನೆಡುವುದು ಆಕೆಯ ವಿಧಾನ. ಕತ್ತರಿ ಹಿಡಿಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ, ಆ ಮಾತು ಬೇರೆ.

ಯೂರೋಪಿಗೆ ಹೆಣಿಗೆ ತಡವಾಗಿ ಬಂದರೂ ಬೇಗ ಬೇರು ಬಿಟ್ಟಿತು. ಜರ್ಮನಿಯ ಹ್ಯಾಂಬರ್ಗ್ ಕಲಾಶಾಲೆಯಲ್ಲಿರುವ, 1400ರ ಆಸುಪಾಸಿನ ಒಂದು ಚಿತ್ರದಲ್ಲಿ ಮಾತೆ ಮೇರಿಯೇ ಸುತ್ತುಕಡ್ಡಿಗಳಲ್ಲಿ ಮಗುವಿನ ಅಂಗಿ ಹೆಣೆಯುತ್ತ ಕೂತಿದ್ದಾಳೆ. ಎರಡು ಶತಮಾನ ಕಳೆಯುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ಕಾಲುಚೀಲ ಹೆಣೆಯುವುದು ಬಡವರ ಹೊಟ್ಟೆಪಾಡಾಗಿತ್ತು. ಉತ್ತರದ ಡೆಂಟ್ ಕಣಿವೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಎಲ್ಲರೂ ಸೊಂಟಕ್ಕೆ ಮರದ ಹಿಡಿ ಸಿಕ್ಕಿಸಿಕೊಂಡು, ದನ ಕಾಯುವಾಗಲೂ ದಾರಿ ನಡೆಯುವಾಗಲೂ ಹೆಣೆಯುತ್ತಿದ್ದರು. ಅವರಿಗೆ ಬಿದ್ದ ಹೆಸರು ‘ಭಯಂಕರ ಹೆಣಿಗೆಯವರು’. ಅದು ಹೊಗಳಿಕೆ!

ಈ ಹೊಟ್ಟೆಪಾಡಿಗೆ ಕುತ್ತು ಬಂದದ್ದು 1589ರಲ್ಲಿ. ನಾಟಿಂಗ್‌ಹ್ಯಾಮ್ ಬಳಿಯ ಕ್ಯಾಲ್ವರ್ಟನ್ನಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಒಂದು ಸಾಲಿನ ಕುಣಿಕೆಗಳನ್ನೆಲ್ಲ ಒಟ್ಟಿಗೆ ಹಾಕುವ ಚೌಕಟ್ಟು ಅದು. ಹಕ್ಕುಪತ್ರ ಕೇಳಿ ಮೊದಲನೆಯ ಎಲಿಜಬೆತ್ ರಾಣಿಯ ಮುಂದೆ ಹೋದಾಗ, ಕೈ ಹೆಣಿಗೆಯ ಬಡವರ ಅನ್ನ ಹೋಗುತ್ತದೆಂದು ಆಕೆ ನಿರಾಕರಿಸಿದಳೆಂಬ ಕಥೆ ತಲೆಮಾರುಗಳಿಂದ ನಡೆದು ಬಂದಿದೆ. ಲೀ ಫ್ರಾನ್ಸಿಗೆ ಹೋದ. ಅಲ್ಲಿ ಆಸರೆ ಕೊಟ್ಟ ನಾಲ್ಕನೆಯ ಹೆನ್ರಿ 1610ರಲ್ಲಿ ಕೊಲೆಯಾದ. ಯಂತ್ರದ ಯಜಮಾನ ಹೊರನಾಡಿನಲ್ಲೇ ಕಣ್ಣು ಮುಚ್ಚಿದ. ಯಂತ್ರ ಮಾತ್ರ ಇಂಗ್ಲೆಂಡಿಗೆ ವಾಪಸಾಗಿ ನಾಟಿಂಗ್‌ಹ್ಯಾಮ್ ಸೀಮೆಯ ಮನೆಮನೆ ಹೊಕ್ಕಿತು.

ಆ ಯಂತ್ರಕ್ಕೂ ಸುಲಭವಾಗಿ ಬಗ್ಗದೆ ಹೋದದ್ದು ಕಾಲಿನ ಆಕಾರ. ಅದು ಹೆಣೆಯುತ್ತಿದ್ದುದು ಚಪ್ಪಟೆ ಹಾಳೆ. ಅದಕ್ಕೆ ಅಂಚಿನಲ್ಲಿ ಆಕಾರ ಕೊಟ್ಟು, ಮಡಿಸಿ, ಹಿಂದುಗಡೆ ಹೊಲಿಯಬೇಕಿತ್ತು. ಎರಡು ಶತಮಾನದ ನಂತರ ಕೆಲವು ವರ್ತಕರು ಇದಕ್ಕಿಂತ ಅಗ್ಗದ ದಾರಿ ಕಂಡುಕೊಂಡರು: ಅಗಲ ಚೌಕಟ್ಟಿನಲ್ಲಿ ಹಾಳೆ ಹೆಣೆದು, ಕತ್ತರಿಯಿಂದ ಕಾಲಿನಾಕಾರಕ್ಕೆ ಕತ್ತರಿಸಿ ಹೊಲಿಯುವುದು. ಕತ್ತರಿಸಿದ ಕುಣಿಕೆ ಬಿಚ್ಚಿಕೊಳ್ಳದೆ ಇರುತ್ತದೆಯೇ? ಇಂಥ ಕಳಪೆ ಮಾಲಿನಿಂದ ಕಸುಬಿನ ಹೆಸರೂ ಕೂಲಿಯೂ ಕೆಡುತ್ತಿದೆ ಎಂಬುದು 1811ರಲ್ಲಿ ಚೌಕಟ್ಟುಗಳನ್ನು ಒಡೆದು ಹಾಕಿದ ನಾಟಿಂಗ್‌ಹ್ಯಾಮಿನ ‘ಲಡ್ಡೈಟ್’ ಕಾರ್ಮಿಕರ ದೂರುಗಳಲ್ಲೊಂದು. ಯಂತ್ರದ್ವೇಷಿಗಳೆಂದು ಚರಿತ್ರೆ ಅವರಿಗೆ ಹಣೆಪಟ್ಟಿ ಹಚ್ಚಿದೆ. ನಿಜವಾಗಿ ಅವರೇ ಯಂತ್ರದವರು. ಅವರ ಸಿಟ್ಟು ಕೆಟ್ಟ ಕಾಲುಚೀಲದ ಮೇಲೆ, ಕುಸಿದ ಕೂಲಿಯ ಮೇಲೆ. ಚೌಕಟ್ಟು ಒಡೆದರೆ ಗಲ್ಲು ಎಂಬ ಮಸೂದೆ 1812ರಲ್ಲಿ ಬಂದಾಗ ಕವಿ ಬೈರನ್ ಲಾರ್ಡ್ಸ್ ಸಭೆಯಲ್ಲಿ ಮಾಡಿದ ಮೊದಲ ಭಾಷಣವೇ ಅದರ ವಿರುದ್ಧ. ಮಸೂದೆ ಪಾಸಾಯಿತು.

ಕಂದಕದಲ್ಲಿ ಕೊಳೆತ ಪಾದಗಳು

ಕಾರ್ಖಾನೆಗಳು ಗಂಟೆಗಟ್ಟಲೆ ಕಾಲುಚೀಲ ಉದುರಿಸುತ್ತಿದ್ದ 20ನೇ ಶತಮಾನದಲ್ಲಿ ಕೈ ಹೆಣಿಗೆಗೆ ಮತ್ತೆ ಕರೆ ಬಂತು. ಕರೆದದ್ದು ಯುದ್ಧ.

1914ರ ಚಳಿಗಾಲದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ನೆಲದ ಕಂದಕಗಳಲ್ಲಿ ಮೊಣಕಾಲುದ್ದ ಕೆಸರು. ಸೈನಿಕರು ಬೂಟು ಬಿಚ್ಚದೆ ದಿನಗಟ್ಟಲೆ ಅದರಲ್ಲಿ ನಿಂತರು. ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಬೇಕಿಲ್ಲ. ತಣ್ಣನೆಯ ಒದ್ದೆಯಲ್ಲಿ ಕಾಲು ಬಹಳ ಹೊತ್ತು ಇದ್ದರೆ ರಕ್ತನಾಳಗಳು ಮುದುಡಿ, ಪಾದ ಮೊದಲು ಮರಗಟ್ಟುತ್ತದೆ, ಆಮೇಲೆ ಊದುತ್ತದೆ, ಕೊನೆಗೆ ಕೊಳೆಯುತ್ತದೆ. ‘ಟ್ರೆಂಚ್ ಫುಟ್’ ಎಂಬ ಈ ಕಾಯಿಲೆಗೆ ಬೆರಳು, ಪಾದ ಕಳೆದುಕೊಂಡವರುಂಟು. ಮೊದಲ ಚಳಿಗಾಲದಲ್ಲೇ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20 ಸಾವಿರ ಮಂದಿ ಇದರಿಂದ ಹಾಸಿಗೆ ಹಿಡಿದರು. 1914ರ ಸೆಪ್ಟೆಂಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿಳಿದ ಭಾರತದ ಸಿಪಾಯಿಗಳೂ ಅದೇ ಕೆಸರಿನಲ್ಲಿ ನಿಂತಿದ್ದರು.

ಔಷಧಿ ಇರಲಿಲ್ಲ. ಇದ್ದ ಉಪಾಯ ಎರಡು: ಪಾದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕುವುದು, ದಿನಕ್ಕೊಮ್ಮೆಯಾದರೂ ಒಣ ಕಾಲುಚೀಲ ಬದಲಿಸುವುದು. ರಾತ್ರಿ ಊಟದ ಜೊತೆಗೆ ಒಣ ಚೀಲಗಳನ್ನೂ ಕಂದಕಕ್ಕೆ ಹೊತ್ತು ತರುವ, ಅಧಿಕಾರಿಗಳು ಖುದ್ದಾಗಿ ಸಿಪಾಯಿಗಳ ಪಾದ ತಪಾಸಣೆ ಮಾಡುವ ವ್ಯವಸ್ಥೆ ಬಂತು. ಉಣ್ಣೆಯೇ ಏಕೆ? ಅದು ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ, ಬೆಚ್ಚಗೂ ಇಡುತ್ತದೆ. ಹತ್ತಿಗೆ ಆ ಗುಣವಿಲ್ಲ.

ಮೂರು ಲಕ್ಷ ಜೊತೆ ಕಾಲುಚೀಲ ಬೇಕೆಂದು ಯುದ್ಧಮಂತ್ರಿ ಲಾರ್ಡ್ ಕಿಚನರ್ 1914ರಲ್ಲೇ ರಾಣಿ ಮೇರಿಯ ಮೂಲಕ ಮಹಿಳೆಯರಿಗೆ ಮನವಿ ಮಾಡಿದ್ದರು. ಕಿಚನರ್ ಭಾರತಕ್ಕೆ ಹೊಸಬರಲ್ಲ; 1902ರಿಂದ 1909ರವರೆಗೆ ಇಲ್ಲಿನ ಸೇನಾ ದಂಡನಾಯಕ. ಮನೆಮನೆಯಲ್ಲಿ ಕಡ್ಡಿಗಳು ಓಡಿದವು. ಆಸ್ಟ್ರೇಲಿಯಾ ಒಂದೇ ದೇಶದ ಮಹಿಳೆಯರು ಕಳಿಸಿದ ಕಾಲುಚೀಲಗಳ ಲೆಕ್ಕ 13 ಲಕ್ಷ ಜೊತೆಗಿಂತ ಹೆಚ್ಚು. ಬೆರಳಿನ ತುದಿಯೊಳಗೆ ಎರಡು ಸಾಲಿನ ಚೀಟಿ ತುರುಕಿ ಕಳಿಸಿದವರೂ ಇದ್ದರು. ಗುರುತಿಲ್ಲದ ಹೆಂಗಸಿನ ಅಕ್ಷರ, ಗುರುತಿಲ್ಲದ ಸಿಪಾಯಿಯ ಹೆಬ್ಬೆರಳಿಗೆ!

ಮಮತೆಯಿಂದ ಹೆಣೆದದ್ದೆಲ್ಲ ಒಳ್ಳೆಯ ಕಾಲುಚೀಲವೇ ಆಗಬೇಕಿಲ್ಲ. ಬೆರಳಿನ ತುದಿಯನ್ನು ಹೊಲಿದು ಮುಚ್ಚಿದರೆ ಒಳಗೊಂದು ಏಣು ನಿಲ್ಲುತ್ತದೆ. ಪೇಟೆಗೆ ಹೋಗಿ ಬರುವ ಕಾಲಿಗೆ ಅದು ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತಾರು ಮೈಲಿ ನಡೆಯುವ ಕಾಲಿಗೆ ಅದೇ ಬೊಬ್ಬೆ, ಬೊಬ್ಬೆಯೇ ಹುಣ್ಣು. ಉಳಿದ ಎರಡು ಸಾಲು ಕುಣಿಕೆಗಳನ್ನು ಸೂಜಿಯಿಂದ, ಮಧ್ಯೆ ಇನ್ನೊಂದು ಸಾಲು ಹೆಣೆದಂತೆಯೇ ಕಾಣುವ ಹಾಗೆ ಕೂಡಿಸುವ ಜಾಣ ಜೋಡಣೆಯೊಂದಿದೆ, ಮುಟ್ಟಿದರೂ ಗೊತ್ತಾಗದು. ಇಂಗ್ಲಿಷ್ ಬಲ್ಲ ಹೆಣಿಗೆಯವರೆಲ್ಲ ಅದನ್ನು ‘ಕಿಚನರ್ ಹೊಲಿಗೆ’ ಎನ್ನುತ್ತಾರೆ. ಸಾಹೇಬರೇ ಅದನ್ನು ಕಂಡುಹಿಡಿದರು ಎಂಬ ಕಥೆಯನ್ನು ನಂಬಬೇಕಾಗಿಲ್ಲ. 19ನೇ ಶತಮಾನದ ಹೊಲಿಗೆ ಪುಸ್ತಕಗಳಲ್ಲೇ ಅದರ ವಿವರವಿದೆ. ಕಿಚನರ್ 1916ರ ಜೂನಿನಲ್ಲಿ ಹಡಗಿನೊಂದಿಗೆ ಮುಳುಗಿ ಸತ್ತರು. ಬೆರಳು ಚಾಚಿ ನಿಂತ ಅವರ ಪೋಸ್ಟರನ್ನು ಚರಿತ್ರೆ ಪುಸ್ತಕ ತೆರೆದವರಷ್ಟೇ ಕಂಡಾರು. ಕಾಲುಚೀಲದ ತುದಿಯಲ್ಲಿ ಅವರ ಹೆಸರು ದಿನವೂ ಉಚ್ಚಾರವಾಗುತ್ತಿದೆ.

ಲಾಹೌಲಿನ ಚಿತ್ತಾರ

ನಮ್ಮ ದೇಶದಲ್ಲಿ ಕಾಲುಚೀಲದ ಕೈ ಹೆಣಿಗೆ ಬದುಕಿನ ಭಾಗವಾಗಿರುವುದು ಹಿಮಾಲಯದಲ್ಲಿ. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆ ಹತ್ತು ಸಾವಿರ ಅಡಿಗಿಂತ ಎತ್ತರದ್ದು. ರೋಹ್ತಾಂಗ್ ಕಣಿವೆದಾರಿಯ ಅಡಿಯ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆಯುವವರೆಗೆ, ಹಿಮ ಬಿದ್ದರೆ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. ಉಣ್ಣೆ ನೂಲುವುದು, ನೇಯುವುದು ಅಲ್ಲಿನವರಿಗೆ ಮೊದಲಿನಿಂದ ಗೊತ್ತಿತ್ತು. ಕಡ್ಡಿಯ ಹೆಣಿಗೆ ಬಂದದ್ದು 1850ರ ದಶಕದಲ್ಲಿ ಕೇಲಾಂಗಿಗೆ ಬಂದ ಜರ್ಮನಿಯ ಮೊರೇವಿಯನ್ ಮಿಷನರಿಗಳ ಜೊತೆ. ಮರಿಯಾ ಹೈಡೆ ಎಂಬಾಕೆ ಊರಿನ ಹೆಂಗಸರನ್ನು ಕೂಡಿಸಿ ಹೆಣಿಗೆ ಶಾಲೆ ನಡೆಸಿದರು.

ಕಲಿತವರು ಗುರುವಿನ ಮಾದರಿಯಲ್ಲೇ ನಿಂತುಬಿಡಲಿಲ್ಲ. ಪಾಶ್ಚಾತ್ಯ ಕಾಲುಚೀಲಕ್ಕೆ ತಮ್ಮ ಬಣ್ಣ, ತಮ್ಮ ಚಿತ್ತಾರ ತುಂಬಿ ಅದನ್ನು ತಮ್ಮದಾಗಿಸಿಕೊಂಡರು. ಲಾಹೌಲಿನ ಕಾಲುಚೀಲ ಮತ್ತು ಕೈಗವಸಿಗೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಮೈಸೂರು ಮಲ್ಲಿಗೆಗೆ, ಇಳಕಲ್ ಸೀರೆಗೆ ಇರುವಂಥದೇ ‘ಜಿಐ’ ಮುದ್ರೆ. ಮುದ್ರೆ ಹೆಸರನ್ನು ಕಾಯುತ್ತದೆ, ಹನ್ನೆರಡು ಗಂಟೆಯ ಕೂಲಿಯನ್ನಲ್ಲ. ಪ್ರವಾಸಕ್ಕೆ ಹೋಗಿ ಒಂದು ಜೊತೆಗೆ ಚೌಕಾಸಿ ಮಾಡುವವರು, ಕೇಳಿದ ಬೆಲೆಯಲ್ಲಿ ನೂಲಿನ ಖರ್ಚು ಕಳೆದು ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ ನೋಡುವುದು ಒಳ್ಳೆಯದು. ಚೌಕಾಸಿ ಮಾಡುವ ಬಾಯಿ ಅಲ್ಲೇ ಕಟ್ಟೀತು.

ಕರ್ನಾಟಕದಲ್ಲೂ ಕುರಿಯಿದೆ, ಉಣ್ಣೆಯಿದೆ. ಆದರೆ ದಖನಿ ಕುರಿಯ ಒರಟು, ಚುಚ್ಚುವ ಉಣ್ಣೆ ಚಳ್ಳಕೆರೆಯ ಕಂಬಳಿಗೆ ಹೇಳಿ ಮಾಡಿಸಿದ್ದೇ ಹೊರತು ಪಾದಕ್ಕೆ ಹಿತವಲ್ಲ. ಹವೆಯೂ ಕಾಲುಚೀಲ ಬೇಡುವಂಥದ್ದಲ್ಲ. ಆದರೂ ಒಂದು ಕಡೆ ಅದಕ್ಕೆ ಖಾಯಂ ಜಾಗವಿದೆ: ಬಾಣಂತಿ ಕೋಣೆ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಚೀಲ. ಮಗುವಿಗೆ ಕುಲಾವಿಯ ಜೊತೆ ಅಜ್ಜಿಯೋ ಚಿಕ್ಕಮ್ಮನೋ ಹೆಣೆದ ಉಲ್ಲನ್ ಚೀಲ, ಹರಡಿಗೆ ಕಟ್ಟುವ ದಾರ, ದಾರದ ತುದಿಗೆ ಗೊಂಡೆ. ಆ ಪುಟ್ಟ ಚೀಲಗಳಲ್ಲಿ ಎಷ್ಟೋ ಸಲ ಹಿಮ್ಮಡಿಯ ತಿರುವೇ ಇರುವುದಿಲ್ಲ. ಇನ್ನೂ ನೆಲ ಮುಟ್ಟದ ಕಾಲಿಗೆ ಅದರ ಗೊಡವೆಯೇಕೆ?

ನಡೆಯುವವರ ಕಾಲುಚೀಲ ಹೆಣೆಯುವವರಿಗೆ ಹಿಮ್ಮಡಿ ಗೆದ್ದ ಮೇಲೂ ಒಂದು ಗಂಡಾಂತರ ಕಾದಿರುತ್ತದೆ. ಮೊದಲ ಕಾಲು ಮುಗಿಯುವ ಹೊತ್ತಿಗೆ ಉತ್ಸಾಹವೂ ಮುಗಿದಿರುತ್ತದೆ! ಒಂಟಿ ಕಾಲುಚೀಲ ಬುಟ್ಟಿಯಲ್ಲಿ ವರ್ಷಗಟ್ಟಲೆ ಜೊತೆಗಾರನಿಗೆ ಕಾಯುವುದು ಹೆಣಿಗೆಯವರ ಲೋಕದಲ್ಲಿ ಮಾಮೂಲು. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಕೊನೆಯ ಭಾಗದಲ್ಲಿ ಅನ್ನಾ ಮಕಾರೊವ್ನಾ ಎಂಬ ದಾಯಿ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾಳೆ. ಒಂದೇ ಕಡ್ಡಿಗಳ ಮೇಲೆ ಎರಡು ಚೀಲಗಳನ್ನು, ಒಂದರೊಳಗೆ ಇನ್ನೊಂದು ಇರುವಂತೆ ಹೆಣೆದು, ಮುಗಿದ ದಿನ ಮಕ್ಕಳನ್ನೆಲ್ಲ ಸುತ್ತ ಸೇರಿಸಿಕೊಂಡು ಒಳಗಿನದನ್ನು ಹೊರಗೆಳೆಯುತ್ತಾಳೆ. ಮಕ್ಕಳು ಕುಣಿದಾಡುತ್ತಾರೆ. ಇದು ಕಾದಂಬರಿಕಾರನ ಕಲ್ಪನೆಯಷ್ಟೇ ಅಲ್ಲ. ಎರಡು ಉಂಡೆ ಇಟ್ಟುಕೊಂಡು, ಒಂದು ಕುಣಿಕೆ ಹೊರಗಿನದಕ್ಕೆ, ಮುಂದಿನದು ಒಳಗಿನದಕ್ಕೆ ಎಂದು ಹೆಣೆದು ಇದನ್ನು ಮಾಡಿ ತೋರಿಸುವವರಿದ್ದಾರೆ. ಆದರೆ ನೂಲು ಒಂದೇ ಒಂದು ಕಡೆ ಅದಲುಬದಲಾದರೂ ಸಾಕು, ಎರಡು ಚೀಲಗಳೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡು, ಎಷ್ಟು ಎಳೆದರೂ ಒಳಗಿನದು ಹೊರಗೆ ಬರುವುದಿಲ್ಲ.